ಮುಂದೆ ಹೂವು, ಹಿಂದೆ ದಾರ: ಮಹಾಯುದ್ಧದ ರೇಷ್ಮೆ ಕಾರ್ಡ್‌ಗಳಿಗೆ ಕಸೂತಿ ಹಾಕಿದ್ದು ಯಾರು?

ಅಂಗೈಯಷ್ಟಗಲದ ಒಂದು ಕಾರ್ಡು, ಸುತ್ತ ಉಬ್ಬು ಅಚ್ಚಿನ ಕಾಗದದ ಫ್ರೇಮು, ನಡುವೆ ಈರುಳ್ಳಿ ಸಿಪ್ಪೆ ಥರ ಆಚೆಯದು ಕಾಣೋಷ್ಟು ತೆಳ್ಳಗಿರೋ ರೇಷ್ಮೆ ಬಟ್ಟೆ, ಅದರ ಮೇಲೆ ಬಣ್ಣದ ದಾರದಲ್ಲಿ ಒಂದು ಪ್ಯಾನ್ಸಿ ಹೂವು, ಪಕ್ಕದಲ್ಲಿ ಎರಡು ಬಾವುಟ, ಕೆಳಗೆ 'ಟು ಮೈ ಡಿಯರ್ ಮದರ್' ಅಂತ ದಾರದಲ್ಲೇ ಬರೆದಿರೋ ಸಾಲು. ಮೊದಲನೇ ಮಹಾಯುದ್ಧದಲ್ಲಿ, ಅಂದ್ರೆ 1914ರಿಂದ 1918ರ ನಡುವೆ, ಫ್ರಾನ್ಸ್ ಬೆಲ್ಜಿಯಂ ಕಡೆ ಹೋರಾಡ್ತಿದ್ದ ಬ್ರಿಟಿಷ್, ಆಸ್ಟ್ರೇಲಿಯನ್, ಕೆನಡಿಯನ್, ಆಮೇಲೆ ಅಮೆರಿಕನ್ ಸೈನಿಕರೂ ಮನೆಗೆ ಕಳಿಸಿದ ನೆನಪಿನ ಕಾಣಿಕೆ ಇದು. ಒಟ್ಟು ಒಂದು ಕೋಟಿಯಷ್ಟು ಕಾರ್ಡ್ ತಯಾರಾಗಿರಬೇಕು ಅನ್ನೋದು ಸಾಮಾನ್ಯವಾಗಿ ಹೇಳೋ ಅಂದಾಜು. ಆ ದೇಶಗಳಲ್ಲಿ ಹಳೇ ಮನೆಗಳ ಟ್ರಂಕುಗಳಲ್ಲಿ, ಮುತ್ತಜ್ಜಿಯ ಬೈಬಲ್ಲಿನ ಪುಟಗಳ ನಡುವೆ ಇವತ್ತಿಗೂ ಸಿಗ್ತಾವೆ.

ಈ ಕಾರ್ಡ್ ಬಗ್ಗೆ ಎಲ್ಲಿ ಓದಿದ್ರೂ ಒಂದೇ ಕಥೆ ಸಿಗತ್ತೆ: ಯುದ್ಧದಿಂದ ಮನೆ ಕಳ್ಕೊಂಡ ಫ್ರೆಂಚ್, ಬೆಲ್ಜಿಯನ್ ಹೆಂಗಸರು ನಿರಾಶ್ರಿತರ ಶಿಬಿರಗಳಲ್ಲಿ, ಮನೆಗಳಲ್ಲಿ ಕೂತು ಒಂದೊಂದನ್ನೂ ಕೈಯಲ್ಲೇ ಹಾಕಿದ್ರು, ಆಮೇಲೆ ಅದನ್ನ ಫ್ಯಾಕ್ಟರಿಗೆ ಕಳಿಸಿ ಕಾರ್ಡಿಗೆ ಅಂಟಿಸ್ತಿದ್ರು ಅಂತ. ಓದಿದ ಕೂಡ್ಲೇ ಮನಸ್ಸಿಗೆ ಹಿಡಿಸೋ ಕಥೆ, ನಾನೂ ತುಂಬಾ ದಿನ ಹಾಗೇ ನಂಬಿದ್ದೆ. ಆದ್ರೆ ಕಸೂತಿ ಹಾಕೋ ಅಭ್ಯಾಸ ಇರೋರಿಗೆ ಒಂದು ಗುಣ ಇರತ್ತೆ, ಯಾರು ಏನೇ ತೋರಿಸಿದ್ರೂ ಕೈ ತಾನಾಗೇ ಅದನ್ನ ತಿರುಗಿಸಿ ಉಲ್ಟಾ ಕಡೆ ನೋಡತ್ತೆ. ಬ್ಲೌಸ್ ವರ್ಕ್ ಮಾಡಿಸೋಕೆ ಅಂಗಡಿಗೆ ಹೋದಾಗ ನೀವೂ ಮಾಡಿರ್ತೀರ, ಹ್ಯಾಂಡ್ ವರ್ಕ್ ಅಂತ ದುಡ್ಡು ಹೇಳ್ತಾರೆ, ನೀವು ಒಳಗಡೆ ತಿರುಗಿಸ್ತೀರ, ಅಲ್ಲಿ ಬಿಳಿ ಬಾಬಿನ್ ದಾರ ಕಂಡ್ರೆ ಕಂಪ್ಯೂಟರ್ ಎಂಬ್ರಾಯ್ಡರಿ ಅಂತ ಗೊತ್ತಾಗತ್ತೆ. ಈ ಕಾರ್ಡ್‌ಗಳ ನಿಜವಾದ ಕಥೆನೂ ಉಲ್ಟಾ ಕಡೆನೇ ಇರೋದು, ಆದ್ರೆ ಬಾಬಿನ್ ದಾರದ ಟೆಸ್ಟು ಇಲ್ಲಿ ನಡೆಯಲ್ಲ, ಅದಕ್ಕೇ ಇಷ್ಟು ವರ್ಷ ಇಷ್ಟೊಂದು ಜನ ಇದನ್ನ ಕೈಕೆಲಸ ಅಂತ ನಂಬಿದ್ದು.

ಯಾಕೆ ನಡೆಯಲ್ಲ ಅಂತ ತಿಳಿಬೇಕಂದ್ರೆ ಒಂದು ಹಳೇ ಮೆಷೀನಿನ ಬಗ್ಗೆ ತಿಳ್ಕೋಬೇಕು. ನಮ್ಮ ಮನೆಯ ಹೊಲಿಗೆ ಮೆಷೀನಲ್ಲಿ ಎರಡು ದಾರ ಇರತ್ತೆ, ಮೇಲಿಂದ ಒಂದು, ಕೆಳಗೆ ಬಾಬಿನ್ನಿಂದ ಒಂದು, ಎರಡೂ ಬಟ್ಟೆಯ ನಡುವೆ ಒಂದಕ್ಕೊಂದು ಸಿಕ್ಕಿಹಾಕ್ಕೊಳ್ತವೆ. ಸೂಜಿ ಬಟ್ಟೆ ದಾಟಿ ಪೂರ್ತಿ ಆಚೆ ಹೋಗಲ್ಲ, ಚುಚ್ಚಿ ವಾಪಸ್ ಬರತ್ತೆ. ಕೈಯಲ್ಲಿ ಹಾಕುವಾಗ ಹಾಗಲ್ಲ, ಒಂದೇ ದಾರ, ಸೂಜಿ ಪೂರ್ತಿ ಆಚೆ ಹೋಗಿ ಪೂರ್ತಿ ಈಚೆ ಬರತ್ತೆ. 1828ರಲ್ಲಿ ಫ್ರಾನ್ಸ್‌ನ ಮುಲೂಜ್ ಊರಿನ ಜೊಸುವೆ ಹೈಲ್ಮನ್ ಅನ್ನೋರು ಕಂಡುಹಿಡಿದ ಮೆಷೀನು ಇದನ್ನೇ, ಅಂದ್ರೆ ಕೈ ಮಾಡೋದನ್ನೇ ಮಾಡ್ತಿತ್ತು. ಅದರ ಸೂಜಿಗೆ ಎರಡೂ ತುದಿ ಚೂಪು, ಕಣ್ಣು ಮಧ್ಯದಲ್ಲಿ. ಬಟ್ಟೆಯನ್ನ ಒಂದು ದೊಡ್ಡ ಚೌಕಟ್ಟಿಗೆ ಬಿಗಿಯಾಗಿ ಎಳೆದು ಗೋಡೆ ಥರ ನೆಟ್ಟಗೆ ನಿಲ್ಲಿಸ್ತಿದ್ರು. ಬಟ್ಟೆಯ ಈ ಕಡೆ ಒಂದು ಗಾಡಿ, ಆ ಕಡೆ ಒಂದು ಗಾಡಿ, ಎರಡರಲ್ಲೂ ಸಾಲಾಗಿ ಚಿಕ್ಕ ಚಿಕ್ಕ ಚಿಮುಟಗಳು, ಒಂದೊಂದು ಚಿಮುಟಕ್ಕೆ ಒಂದೊಂದು ಸೂಜಿ. ಈ ಕಡೆ ಗಾಡಿ ಮುಂದೆ ಬಂದು ಎಲ್ಲಾ ಸೂಜಿಗಳನ್ನ ಒಟ್ಟಿಗೆ ಬಟ್ಟೆಗೆ ಚುಚ್ಚತ್ತೆ, ಆ ಕಡೆ ಚಿಮುಟಗಳು ಅದನ್ನ ಹಿಡ್ಕೊಳ್ತವೆ, ಆ ಗಾಡಿ ಹಿಂದಕ್ಕೆ ಹೋಗಿ ದಾರ ಎಳೀತದೆ, ಆಮೇಲೆ ಅದೇ ಥರ ವಾಪಸ್. ಇಂಥ ಒಂದು ಮೆಷೀನಲ್ಲಿ 300ರ ಆಸುಪಾಸು ಸೂಜಿಗಳು ಇರ್ತಿದ್ವು.

ಇಷ್ಟಾದ್ರೆ ಬರೀ ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ತೂತಾಗತ್ತೆ ಅಲ್ವಾ, ಹೂವು ಹೇಗೆ ಮೂಡತ್ತೆ? ಇಲ್ಲೇ ಇರೋದು ಜಾಣತನ. ಸೂಜಿಗಳು ಯಾವಾಗ್ಲೂ ನೆಟ್ಟಗೆ ಹೋಗಿ ನೆಟ್ಟಗೆ ಬರ್ತವೆ, ಜರುಗೋದು ಬಟ್ಟೆ. ಮೆಷೀನ್ ನಡೆಸೋನ ಎದುರಿಗೆ ಒಂದು ಹಲಗೆ, ಅದರ ಮೇಲೆ ಆರು ಪಟ್ಟು ದೊಡ್ಡದಾಗಿ ಬರೆದ ಡಿಸೈನು, ಪ್ರತಿ ಹೊಲಿಗೆ ಎಲ್ಲಿ ಬೀಳ್ಬೇಕು ಅಂತ ಗೆರೆ ಎಳೆದಿರತ್ತೆ. ಆತ ಎಡಗೈಲಿ ಒಂದು ಕಡ್ಡಿ ಹಿಡ್ಕೊಂಡು ಒಂದು ಬಿಂದುವಿಂದ ಇನ್ನೊಂದಕ್ಕೆ ಇಡ್ತಾ ಹೋಗ್ತಾನೆ, ಆ ಕಡ್ಡಿಗೂ ಬಟ್ಟೆಯ ಚೌಕಟ್ಟಿಗೂ ಪ್ಯಾಂಟೋಗ್ರಾಫ್ ಅನ್ನೋ ಸರಳುಗಳ ಜೋಡಣೆ ಇರತ್ತೆ, ಕಡ್ಡಿ ಆರು ಇಂಚು ಹೋದ್ರೆ ಬಟ್ಟೆ ಒಂದು ಇಂಚು ಜರುಗತ್ತೆ. ಬಲಗೈಲಿ ಹಿಡಿ ತಿರುಗಿಸಿದ್ರೆ ಗಾಡಿ ಓಡತ್ತೆ, ಕಾಲಲ್ಲಿ ಪೆಡಲ್ ಒತ್ತಿದ್ರೆ ಚಿಮುಟ ತೆಗೆಯತ್ತೆ ಮುಚ್ಚತ್ತೆ. ಕರೆಂಟಿಲ್ಲ, ಉಗಿ ಇಲ್ಲ, ಪೂರ್ತಿ ಮನುಷ್ಯನ ಕೈಕಾಲಿನ ಶಕ್ತಿ, ಹಾಗಾಗಿ ಇದರ ಹೆಸರೇ 'ಕೈ-ಕಸೂತಿ ಮೆಷೀನು'. ಆತ ಒಂದು ಹೂವಿನ ಗೆರೆ ಹಿಡಿದು ಹೋದ್ರೆ ಬಟ್ಟೆ ತುಂಬಾ ಸಾಲುಸಾಲಾಗಿ ಅದೇ ಹೂವು, ಒಂದೇ ಹೊತ್ತಿಗೆ ಅರಳ್ತಾ ಹೋಗ್ತಿತ್ತು.

ಬಣ್ಣದ ವಿಷಯ ಇನ್ನೂ ಕಷ್ಟದ್ದು. ಸೂಜಿ ಬಟ್ಟೆ ದಾಟಿ ಪೂರ್ತಿ ಆಚೆ ಹೋಗ್ಬೇಕಾದ್ರಿಂದ ದಾರ ಉದ್ದ ಇಡೋಕಾಗಲ್ಲ, ಒಂದು ಮೀಟರಿನ ಹತ್ತಿರ ಅಷ್ಟೇ, ಮುಗಿದ ಮೇಲೆ ಎಲ್ಲಾ ಸೂಜಿಗೂ ಮತ್ತೆ ದಾರ ಪೋಣಿಸ್ಬೇಕು. ಬಣ್ಣ ಬದಲಾಯಿಸ್ಬೇಕಾದ್ರೂ ಅಷ್ಟೇ. ಅದಕ್ಕೆ ಮೊದಲು ಎಲ್ಲಾ ಕಾರ್ಡಿನ ಕೆಂಪು ಮುಗಿಸೋದು, ಆಮೇಲೆ ಎಲ್ಲದರ ನೀಲಿ, ಆಮೇಲೆ ಹಸಿರು ಎಲೆ, ಹೀಗೆ. ಈ ಕೆಲಸಕ್ಕೆ ಹೆಸರುವಾಸಿಯಾಗಿದ್ದ ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್ ಸುತ್ತಮುತ್ತ ರೈತರ ಮನೆಗಳಲ್ಲೇ ಈ ಮೆಷೀನ್‌ಗಳಿದ್ವು, ಗಂಡಸರು ಕಡ್ಡಿ ಹಿಡಿದ್ರೆ ಹೆಂಗಸರು ಮಕ್ಕಳು ಸೂಜಿಗೆ ದಾರ ಪೋಣಿಸ್ತಾ ಕೂತಿರ್ತಿದ್ರು. ಯುದ್ಧಕ್ಕೆ ಮುಂಚೆ ಕಸೂತಿನೇ ಆ ದೇಶದ ಅತಿ ದೊಡ್ಡ ರಫ್ತು ಅಂದ್ರೆ ಎಷ್ಟು ಮನೆಗಳಲ್ಲಿ ಈ ಕೆಲಸ ನಡೀತಿತ್ತು ಅಂತ ಲೆಕ್ಕ ಹಾಕಿ.

ಈಗ ಕಾರ್ಡಿಗೆ ವಾಪಸ್ ಬರೋಣ. ಕೈಯಲ್ಲಿ ಹಾಕಿದ ಹಾಗೇ ಒಂದೇ ದಾರ, ಹಿಂದೆನೂ ಮುಂದೆನೂ ಅದೇ ಬಣ್ಣ, ಬಾಬಿನ್ ದಾರ ಇಲ್ಲವೇ ಇಲ್ಲ, ಹಾಗಾಗಿ ಎಂಥ ಪಳಗಿದ ಕಣ್ಣಿದ್ದೋರೂ ಮೊದಲ ನೋಟಕ್ಕೆ ಹ್ಯಾಂಡ್ ವರ್ಕ್ ಅಂತಾನೇ ಹೇಳೋದು. ಗುಟ್ಟು ಬಿಟ್ಟುಕೊಡೋದು ಎಳೆಗಳ ಜಿಗಿತ. ಒಂದು ಎಸಳು ಮುಗಿಸಿ ಪಕ್ಕದ ಎಸಳಿಗೆ ಹೋಗುವಾಗ ಹಿಂದಗಡೆ ದಾರ ಅಡ್ಡ ಹಾಯ್ದು ಹೋಗಿರತ್ತೆ, ಬಟ್ಟೆ ತೆಳ್ಳಗಿರೋದ್ರಿಂದ ಬೆಳಕಿಗೆ ಹಿಡಿದ್ರೆ ಮುಂದಿನಿಂದಲೂ ಕಾಣತ್ತೆ. ಒಂದೇ ಡಿಸೈನಿನ ಎರಡು ಕಾರ್ಡ್ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಎರಡರಲ್ಲೂ ದಾರ ಅದೇ ಎಸಳಿಂದ ಹೊರಟು, ಅದೇ ದಾರಿ ಹಿಡಿದು, ಅದೇ ಎಲೆಯ ತುದಿಗೆ ಹೋಗಿ ಸೇರಿರತ್ತೆ. 'ಡಿಯರ್' ಪದದಲ್ಲಿ ಒಂದು ಅಕ್ಷರದ ಬಾಲ ಸ್ವಲ್ಪ ಗಿಡ್ಡವಾಗಿದ್ರೆ ಇನ್ನೊಂದರಲ್ಲೂ ಅಷ್ಟೇ ಗಿಡ್ಡ. ಮನುಷ್ಯರ ಕೈ ಹಾಗೆ ಮಾಡಕ್ಕಾಗಲ್ಲ ಕಣ್ರೀ. ನಾನು ಗವಂತಿ, ಮುರ್ಗಿ ಹೊಲಿಗೆ ಕಲಿತೋಳು, ನಮ್ಮ ಧಾರವಾಡದ ಕಸೂತಿಯಲ್ಲಿ ಗಂಟು ಹಾಕೋ ಹಾಗಿಲ್ಲ, ಹಿಂದೂ ಮುಂದೂ ಒಂದೇ ಥರ ಕಾಣ್ಬೇಕು, ಎಳೆ ಎಣಿಸಿ ಎಣಿಸಿ ಹಾಕ್ತೀವಿ, ಆದ್ರೂ ಒಂದೇ ಸೀರೆಯ ಎರಡು ಗೋಪುರದಲ್ಲಿ ನಾನು ಹೊರಟ ದಾರಿ ಬೇರೆ ಬೇರೆನೇ ಆಗಿರತ್ತೆ. ಈ ಕಾರ್ಡ್‌ಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಇಯಾನ್ ಕಾಲಿನ್ಸ್ ಕೂಡ ಇವು ಮೆಷೀನಿನ ಕೆಲಸ ಅನ್ನೋ ತೀರ್ಮಾನಕ್ಕೇ ಬಂದ್ರು.

ಹಾಗಂತ ಹೆಂಗಸರ ಕೈ ಇಲ್ಲಿ ಇಲ್ಲವೇ ಇಲ್ಲ ಅಂತಲ್ಲ. ದಾರ ಪೋಣಿಸೋದು, ಮೆಷೀನಿಂದ ಇಳಿದ ಬಟ್ಟೆಯನ್ನ ಒಂದೊಂದಾಗಿ ಕತ್ತರಿಸೋದು, ಫ್ರೇಮಿಗೆ ಸುಕ್ಕಿಲ್ಲದ ಹಾಗೆ ಅಂಟಿಸೋದು, ಹಿಂದೆ ಕಾಗದ ಹಚ್ಚೋದು, ಇದೆಲ್ಲ ಕೈಯಲ್ಲೇ ಆಗ್ಬೇಕಾದ ಕೆಲಸ. ಒಬ್ಬಳು ದುಃಖಿ ಹೆಂಗಸು ದೀಪದ ಬೆಳಕಲ್ಲಿ ಒಬ್ಬ ಸೈನಿಕನಿಗಾಗಿ ಒಂದು ಕಾರ್ಡ್ ಹಾಕಿದ್ಲು ಅನ್ನೋ ಚಿತ್ರ ಬಿಟ್ಟು, ನೂರಾರು ಸೂಜಿಗೆ ದಿನವಿಡೀ ದಾರ ಪೋಣಿಸಿ ಕಣ್ಣು ನೋಯಿಸ್ಕೊಂಡ ಕೆಲಸಗಾರರ ಚಿತ್ರ ಇಟ್ಕೊಂಡ್ರೆ ನನಗೇನೂ ಕಾರ್ಡಿನ ಬೆಲೆ ಕಮ್ಮಿ ಆದ ಹಾಗೆ ಅನ್ಸಲ್ಲ.

ಇನ್ನೊಂದು ಗೊಂದಲನೂ ಇಲ್ಲೇ ಬಗೆಹರಿಸಿಬಿಡೋಣ. ಎಲ್ಲಾ ರೇಷ್ಮೆ ಕಾರ್ಡೂ ಕಸೂತಿ ಅಲ್ಲ, ಕೆಲವು ನೇಯ್ದಿದ್ದು. ಇಂಗ್ಲೆಂಡಿನ ಕೊವೆಂಟ್ರಿಯ ಥಾಮಸ್ ಸ್ಟೀವನ್ಸ್ ಕಂಪನಿ, ಫ್ರಾನ್ಸಿನ ಸೇಂಟ್ ಎತಿಯೆನ್‌ನ ನೆರೆ ಫ್ರೇರ್ ಕಂಪನಿ ಇಂಥವರು ಜಕಾರ್ಡ್ ಮಗ್ಗದಲ್ಲಿ ಚಿತ್ರವನ್ನೇ ನೇಯ್ತಿದ್ರು, ನಮ್ಮ ರೇಷ್ಮೆ ಸೀರೆಯ ಬಾರ್ಡರು ಸೆರಗು ನೇಯೋ ಹಾಗೆ. ಬೆರಳಾಡಿಸಿದ್ರೆ ಗೊತ್ತಾಗತ್ತೆ, ನೇಯ್ದಿದ್ದು ಸಪಾಟು, ಕಸೂತಿದು ಉಬ್ಬು.

ಮೊದಮೊದಲ ಕಸೂತಿ ಕಾರ್ಡುಗಳು ಬಂದಿದ್ದು 1900ರ ಹೊತ್ತಿಗೆ, ಯುದ್ಧಕ್ಕಿಂತ ಎಷ್ಟೋ ಮುಂಚೆ, ಬರೀ ಹಬ್ಬದ ಶುಭಾಶಯದ ಕಾರ್ಡಾಗಿ. ಯುದ್ಧ ಶುರುವಾಗಿ ಮನೆಯಿಂದ ದೂರ ಇರೋ ಲಕ್ಷಾಂತರ ಹುಡುಗರು ಒಂದೇ ಜಾಗಕ್ಕೆ ಬಂದು ಬಿದ್ದಾಗ ಅದೇ ಕಾರ್ಡಿಗೆ ಬಾವುಟ ಸೇರ್ತು, ರೆಜಿಮೆಂಟಿನ ಲಾಂಛನ ಸೇರ್ತು, ಇಸವಿ ಸೇರ್ತು, ಬಾವುಟಗಳೇ ರೆಕ್ಕೆ ಆಗಿರೋ ಚಿಟ್ಟೆಗಳು ಬಂದ್ವು. ಫ್ರೆಂಚ್ ತಯಾರಕರು ಇಂಗ್ಲಿಷಲ್ಲಿ 'ಫರ್ಗೆಟ್ ಮಿ ನಾಟ್', 'ಹೋಮ್ ಸ್ವೀಟ್ ಹೋಮ್' ಅಂತ ಹಾಕಿಸಿದ್ರು, ಫ್ರೆಂಚಲ್ಲಿ 'ಸುವನೀರ್ ದ ಫ್ರಾನ್ಸ್' ಅಂತಾನೂ. ಹೂವುಗಳಿಗೂ ಅರ್ಥ ಇತ್ತು. ಪ್ಯಾನ್ಸಿ ಯಾಕೆ ಅಷ್ಟೊಂದು ಅಂದ್ರೆ, ಫ್ರೆಂಚಲ್ಲಿ ಆ ಹೂವಿಗೆ 'ಪಾಂಸೆ' ಅಂತಾರೆ, ಯೋಚನೆ, ನೆನಪು ಅನ್ನೋದಕ್ಕೂ ಅದೇ ಪದ. ಆ ಹೂವು ಕಳಿಸಿದ್ರೆ 'ನಿನ್ನ ನೆನಪಲ್ಲೇ ಇದ್ದೀನಿ' ಅಂದ ಹಾಗೆ.

ಇಸವಿ ಇಲ್ಲದ ಕಾರ್ಡಿನ ಕಾಲನ ಬಾವುಟದಿಂದ ಲೆಕ್ಕ ಹಾಕ್ಬಹುದು, ನನಗೆ ತುಂಬಾ ಇಷ್ಟದ ಭಾಗ ಇದು. ಇಟಲಿ ಮಿತ್ರಪಕ್ಷದ ಕಡೆ ಯುದ್ಧಕ್ಕೆ ಇಳಿದಿದ್ದು 1915ರ ಮೇನಲ್ಲಿ, ಹಾಗಾಗಿ ಹಸಿರು ಬಿಳಿ ಕೆಂಪಿನ ಇಟಲಿ ಬಾವುಟ ಇದ್ರೆ ಅದಕ್ಕಿಂತ ಹಿಂದಿನದಾಗಿರೋ ಸಾಧ್ಯತೆ ಕಮ್ಮಿ. ಪೋರ್ಚುಗಲ್ ಬಾವುಟ ಇದ್ರೆ 1916ರ ಮಾರ್ಚ್ ಆದ್ಮೇಲೆ, ರೊಮೇನಿಯಾ ಇದ್ರೆ ಅದೇ ವರ್ಷದ ಆಗಸ್ಟ್ ಆದ್ಮೇಲೆ, ಅಮೆರಿಕದ ನಕ್ಷತ್ರಪಟ್ಟೆ ಇದ್ರೆ 1917ರ ಏಪ್ರಿಲ್ ಆದ್ಮೇಲೆ. ರಷ್ಯಾ ಕ್ರಾಂತಿಯಾಗಿ 1918ರ ಮಾರ್ಚಲ್ಲಿ ಒಪ್ಪಂದ ಮಾಡ್ಕೊಂಡು ಯುದ್ಧದಿಂದ ಹೊರಗೆ ಹೋಯ್ತು, ಅದರ ಬಾವುಟ ಇರೋ ಕಾರ್ಡು ಅಂದ್ರೆ ಹೆಚ್ಚಾಗಿ ಅದಕ್ಕೂ ಮುಂಚಿನದು. ಫ್ರಾನ್ಸಿನದೂ ರಷ್ಯಾದ್ದೂ ಬಣ್ಣ ಒಂದೇ, ಅದರಲ್ಲಿ ಮೋಸ ಹೋಗ್ಬೇಡಿ, ಫ್ರಾನ್ಸಿನ ಪಟ್ಟೆ ನಿಂತಿರತ್ತೆ, ರಷ್ಯಾದ್ದು ಮಲಗಿರತ್ತೆ. ಒಂದು ಕಾರ್ಡಲ್ಲಿ ಇಟಲಿನೂ ರಷ್ಯಾನೂ ಇದ್ದು ಅಮೆರಿಕ ಇಲ್ಲ ಅಂದ್ರೆ, 1915ರ ಬೇಸಿಗೆಯಿಂದ 1917ರ ಶುರುವಿನ ನಡುವೆ ಅಂತ ಧೈರ್ಯವಾಗಿ ಊಹಿಸ್ಬಹುದು.

ಸರಿ, ಕಾರ್ಡನ್ನ ಪೂರ್ತಿ ತಿರುಗಿಸಿ, ಬರೆಯೋ ಕಡೆ ನೋಡಿ. ಎಷ್ಟೋ ಕಾರ್ಡುಗಳಲ್ಲಿ ಸ್ಟಾಂಪಿಲ್ಲ, ಪೋಸ್ಟಿನ ಮುದ್ರೆ ಇಲ್ಲ, ಅಡ್ರೆಸ್ ಕೂಡ ಇಲ್ಲ. ಕಳಿಸದೇ ಉಳಿದುಹೋದವು ಅಂತ ಜನ ಅಂದ್ಕೊಳ್ತಾರೆ, ಹುಡುಗ ಸತ್ತೇಹೋದ್ನೇನೋ ಅಂತ ಕಥೆನೂ ಕಟ್ತಾರೆ, ಕಾರಣ ಅಷ್ಟು ದೊಡ್ಡದಲ್ಲ. ಇಂಥ ನಾಜೂಕು ವಸ್ತುನ ಹಾಗೇ ಪೋಸ್ಟಿಗೆ ಹಾಕಿದ್ರೆ ಕೊಳೆಯಾಗತ್ತೆ, ದಾರ ಕಿತ್ತು ಬರತ್ತೆ, ಅದಕ್ಕೆ ಪತ್ರದ ಜೊತೆ ಕವರಿನೊಳಗೆ ಇಟ್ಟು ಕಳಿಸ್ತಿದ್ರು. ಯುದ್ಧಭೂಮಿಯಲ್ಲಿದ್ದ ಬ್ರಿಟಿಷ್ ಸೈನಿಕರ ಪತ್ರಕ್ಕೆ ಸ್ಟಾಂಪೂ ಬೇಕಿರಲಿಲ್ಲ. ಲಂಡನ್ನಿನ ರೀಜೆಂಟ್ಸ್ ಪಾರ್ಕಲ್ಲಿ ಸೈನ್ಯದ ಅಂಚೆಗೆ ಅಂತಾನೇ ಮರದಲ್ಲಿ ಒಂದು ಭಾರಿ ಕಟ್ಟಡ ಕಟ್ಟಿದ್ರು, ಕೆಲಸ ಮಾಡ್ತಿದ್ದೋರು ಹೆಚ್ಚಾಗಿ ಹೆಂಗಸರು, ತುಂಬಾ ಜೋರಿದ್ದ ಕಾಲದಲ್ಲಿ ವಾರಕ್ಕೆ 1 ಕೋಟಿ 20 ಲಕ್ಷ ಪತ್ರಗಳು ಅದರ ಮೂಲಕ ಹೋಗ್ತಿದ್ವು.

ಮತ್ತೆ ಸೆನ್ಸಾರ್ ಅನ್ನೋದಿತ್ತು. ಸೈನಿಕ ಬರೆದ ಪತ್ರನ ಅವನ ಆಫೀಸರೇ ಓದ್ತಿದ್ದ. ಎಲ್ಲಿದ್ದೀವಿ, ಎಷ್ಟು ಜನ ಸತ್ರು, ನಾಳೆ ಎಲ್ಲಿಗೆ ಹೋಗ್ತೀವಿ, ಯಾವುದೂ ಬರೆಯೋ ಹಾಗಿಲ್ಲ. ಪತ್ರಕ್ಕೂ ಪುರುಸೊತ್ತಿಲ್ಲದೋರಿಗೆ ಸೈನ್ಯ ಒಂದು ಅಚ್ಚು ಕಾರ್ಡ್ ಕೊಡ್ತಿತ್ತು, ಅದರಲ್ಲಿ 'ನಾನು ಚೆನ್ನಾಗಿದ್ದೀನಿ', 'ನನ್ನನ್ನ ಆಸ್ಪತ್ರೆಗೆ ಸೇರಿಸಿದ್ದಾರೆ' ಅಂತೆಲ್ಲ ಸಾಲುಗಳಿರ್ತಿದ್ವು, ಬೇಡದ್ದನ್ನ ಹೊಡೆದುಹಾಕಿ ಸಹಿ ಮಾಡೋದಷ್ಟೇ, ಬೇರೆ ಏನಾದ್ರೂ ಸೇರಿಸಿದ್ರೆ ಕಾರ್ಡನ್ನೇ ಹರಿದುಹಾಕ್ತಿದ್ರು. ಅಂಥ ಒಣಗಿದ ಸಾಲುಗಳ ನಡುವೆ ರೇಷ್ಮೆಯಲ್ಲಿ 'ಟು ಮೈ ಡಿಯರ್ ಮದರ್' ಅಂತ ಇರೋ ಒಂದು ಹೂವು ಮನೆಗೆ ಬಂದ್ರೆ ಆ ತಾಯಿಗೆ ಏನಾಗಿರಬಹುದು ಯೋಚಿಸಿ. ಮಾತು ತನ್ನದಲ್ಲ, ಅಂಗಡಿಯದೇ, ಆದ್ರೆ ಸಾಲಿನಲ್ಲಿಟ್ಟಿದ್ದ ಹತ್ತಾರು ಕಾರ್ಡುಗಳಲ್ಲಿ ಮಗ ಇದೇ ಆಗ್ಬೇಕು ಅಂತ ಆರಿಸಿದ್ದು ನಿಜ ಅಲ್ವಾ, ಆರಿಸೋ ಸ್ವಾತಂತ್ರ್ಯ ಇದ್ದಿದ್ದೇ ಅಷ್ಟರಲ್ಲಿ.

ದುಡ್ಡಿನ ಮಾತೂ ಆಡ್ಲೇಬೇಕು. ಅಚ್ಚಾದ ಮಾಮೂಲಿ ಕಾರ್ಡಿಗೆ ಹೋಲಿಸಿದ್ರೆ ಇವು ದುಬಾರಿ. ಬ್ರಿಟಿಷ್ ಸಾಮಾನ್ಯ ಸೈನಿಕನ ಮೂಲ ಸಂಬಳ ದಿನಕ್ಕೆ 1 ಶಿಲ್ಲಿಂಗ್, ಆಸ್ಟ್ರೇಲಿಯದವನಿಗೆ 6 ಶಿಲ್ಲಿಂಗ್. ನಮ್ಮ ಕಡೆಯ ಸಿಪಾಯಿಗೆ ತಿಂಗಳಿಗೆ 11 ರೂಪಾಯಿ, ಆಗಿನ ಲೆಕ್ಕದಲ್ಲಿ ದಿನಕ್ಕೆ ಅರ್ಧ ಶಿಲ್ಲಿಂಗ್ ಅಷ್ಟೇ. ಭಾರತದಿಂದ ಸುಮಾರು 1,38,000 ಜನ, ಸೈನಿಕರೂ ಕೂಲಿಯಾಳುಗಳೂ ಸೇರಿ, ಫ್ರಾನ್ಸ್‌ಗೆ ಹೋಗಿದ್ರು, 1914ರ ಸೆಪ್ಟೆಂಬರಿಂದ ಮಾರ್ಸೇಲ್ಸ್ ಬಂದರಲ್ಲಿ ಇಳಿದು ಅದೇ ಚಳಿ, ಅದೇ ಕೆಸರಲ್ಲಿ ನಿಂತವರು. ಅವರಲ್ಲಿ ಓದುಬರಹ ಬರದೋರೇ ಹೆಚ್ಚು, ಗೊತ್ತಿರೋರ ಹತ್ರ ಹೇಳಿ ಬರೆಸ್ತಿದ್ರು, ಸೆನ್ಸಾರಿನೋರು ಅದನ್ನ ಇಂಗ್ಲಿಷಿಗೆ ಅನುವಾದ ಮಾಡಿ ತುಣುಕು ತುಣುಕಾಗಿ ದಾಖಲೆ ಇಟ್ಟರು, ಅದು ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪಂಜಾಬಿನ ಹಳ್ಳಿಯ ತಾಯಿಗಾಗಿ ಹೇಳಿದ ಮಾತು ಕೊನೆಗೆ ಸೆನ್ಸಾರಿನ ಇಂಗ್ಲಿಷಲ್ಲಿ ಉಳೀತು. ನನಗೆ ಈ ಕಾರ್ಡುಗಳನ್ನ ನೋಡಿದಾಗೆಲ್ಲ ಇದು ನೆನಪಾಗಿ ಹೊಟ್ಟೆಯಲ್ಲಿ ಸಂಕಟ ಆಗತ್ತೆ.

ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್, ಹೋಗಿದ್ದು ಫ್ರಾನ್ಸ್‌ಗಲ್ಲ, 1914ರ ಕೊನೆಗೆ ಈಜಿಪ್ಟಿಗೆ, ಸೂಯೆಜ್ ಕಾಲುವೆ ಕಾಯೋಕೆ, ಆಮೇಲೆ 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಮೇಲೆ ಕಾಳಗ ಮಾಡಿದೋರು. ಈಜಿಪ್ಟಿನಲ್ಲಿ ಸೈನಿಕರು ಕೊಳ್ಳೋ ಸಂತೆಯಲ್ಲಿ ಬೇರೆ ಥರದ ಬಟ್ಟೆ ಸಿಗ್ತಿತ್ತು. ಕೈರೋದಲ್ಲಿ ಡೇರೆ ಮಾಡೋರ ಬೀದಿ ಅಂತಾನೇ ಒಂದಿದೆ, ಖಯಾಮಿಯಾ, ತಲೆಮಾರುಗಳಿಂದ ಡೇರೆಗೆ ಬಣ್ಣದ ಬಟ್ಟೆ ಕತ್ತರಿಸಿ ಹೊಲಿದು ಅಲಂಕಾರ ಮಾಡ್ತಿದ್ದ ಕುಶಲಕರ್ಮಿಗಳು, ಗಂಡಸರೇ. ಫೇರೋಗಳ ಚಿತ್ರ, ಸ್ಫಿಂಕ್ಸ್ ಇರೋ ಪಟಗಳನ್ನ ಮಾಡಿ ಸೈನಿಕರಿಗೂ ಮಾರಿದ್ರು. ಅದು ಪೂರ್ತಿ ಕೈ ಹೊಲಿಗೆ.

ಕೈ ಹೊಲಿಗೆ ಅಂದ್ರೆ, ಸೈನಿಕರೇ ಸೂಜಿ ಹಿಡಿದ ಕಥೆ ಹೇಳದೇ ಇರೋಕಾಗಲ್ಲ. ಗಾಯಗೊಂಡು ತಿಂಗಳುಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದೋರಿಗೆ ನರ್ಸ್‌ಗಳು ಸೂಜಿ ದಾರ ಕೊಡ್ತಿದ್ರು, ಬೆರಳುಗಳು ಮತ್ತೆ ಆಡಲಿ, ಮನಸ್ಸು ಬೇರೆ ಕಡೆ ಹೋಗಲಿ ಅಂತ. ದಿಂಬಿನ ಕವರಿನ ಮೇಲೆ ತಮ್ಮ ರೆಜಿಮೆಂಟಿನ ಲಾಂಛನ ಕಸೂತಿ ಹಾಕಿ ಅಮ್ಮನಿಗೋ ಹೆಂಡತಿಗೋ ಕಳಿಸಿದೋರು ತುಂಬಾ ಜನ. ಅರ್ನೆಸ್ಟ್ ಥೆಸಿಗರ್ ಅನ್ನೋ ಬ್ರಿಟಿಷ್ ನಟ, ತಾನೂ ಯುದ್ಧದಲ್ಲಿ ಕೈಗೆ ಗಾಯ ಮಾಡ್ಕೊಂಡು ಬಂದೋರು, ಕಸೂತಿಯಲ್ಲಿ ಪಳಗಿದೋರು, 1918ರಲ್ಲಿ ಅಂಗವಿಕಲ ಸೈನಿಕರಿಗೆ ಕಸೂತಿಯಿಂದಲೇ ಸಂಪಾದನೆ ಆಗೋ ಹಾಗೆ ಒಂದು ಸಂಸ್ಥೆ ಕಟ್ಟೋಕೆ ಮುಂದಾದ್ರು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಬಲಿಪೀಠಕ್ಕೆ ಹೊದಿಸೋ ಬಟ್ಟೆಗೆ 130ಕ್ಕೂ ಹೆಚ್ಚು ಗಾಯಾಳು ಸೈನಿಕರು ಬೇರೆ ಬೇರೆ ಆಸ್ಪತ್ರೆಗಳಲ್ಲಿ ಕೂತು ಒಂದೊಂದು ಭಾಗ ಕಸೂತಿ ಹಾಕಿದ್ರು, 1919ರ ಕೃತಜ್ಞತಾ ಪ್ರಾರ್ಥನೆಗೆ ಅದನ್ನ ಹೊದಿಸಿದ್ರು. ಎರಡನೇ ಮಹಾಯುದ್ಧದಲ್ಲಿ ಆ ಬಲಿಪೀಠಕ್ಕೆ ಬಾಂಬ್ ಬಿತ್ತು, ಬಟ್ಟೆ ಮಾತ್ರ ಉಳೀತು, 2014ರಲ್ಲಿ ಮತ್ತೆ ಜನರಿಗೆ ತೋರಿಸಿದ್ರು. ನೋಡಿ ಎಂಥ ತಲೆಕೆಳಗು, ಹೆಂಗಸರ ಕೈಕೆಲಸ ಅಂತ ನಾವು ನಂಬಿದ ಕಾರ್ಡು ಮೆಷೀನಿಂದ ಬಂತು, ಕೈಯಲ್ಲೇ ಎಳೆ ಎಳೆಯಾಗಿ ಹಾಕಿದೋರು ಬಂದೂಕು ಹಿಡಿದಿದ್ದ ಗಂಡಸರು.

ಯುದ್ಧ ಮುಗಿದ ಮೇಲೆ ಕಾರ್ಡಿನ ಬೇಡಿಕೆ ಇಳೀತು. ಎರಡನೇ ಮಹಾಯುದ್ಧದ ಶುರುವಿಗೆ ಮತ್ತೆ ಸ್ವಲ್ಪ ಬಂದ್ವು, ಆದ್ರೆ ಕೆಲಸ ಒರಟು, ಹಳೇ ನಾಜೂಕು ಇರಲಿಲ್ಲ.

ಹೊರದೇಶದಲ್ಲಿರೋ ನಮ್ಮೋರಿಗೆ, ಇಂಗ್ಲೆಂಡಲ್ಲೋ ಆಸ್ಟ್ರೇಲಿಯದಲ್ಲೋ ಹಳೇ ಸಾಮಾನಿನ ಸಂತೆಗೆ ಹೋದಾಗ ಇಂಥ ಕಾರ್ಡ್ ಕಣ್ಣಿಗೆ ಬೀಳ್ಬಹುದು. ಬಿಸಿಲಿಗೆ ಇಡ್ಬೇಡಿ, ಬಣ್ಣ ಹೋಗತ್ತೆ, ಒರೆಸೋಕಂತೂ ಹೋಗ್ಲೇಬೇಡಿ. ಬೆಳಕಿಗೆ ಹಿಡಿದು ಎಳೆಗಳ ಜಿಗಿತ ನೋಡಿ, ಬಾವುಟ ಎಣಿಸಿ, ಹಿಂದೆ ಪೆನ್ಸಿಲಲ್ಲಿ ಏನಾದ್ರೂ ಬರೆದಿದ್ಯಾ ನೋಡಿ. ಆಮೇಲೆ ರೇಷ್ಮೆಯ ಮೇಲೆ ಮೆತ್ತಗೆ ಬೆರಳಿಟ್ಟು ನೋಡಿ, ಕೆಲವು ಕಾರ್ಡಲ್ಲಿ ಆ ಬಟ್ಟೆನೇ ಒಂದು ಪುಟ್ಟ ಜೇಬಾಗಿರತ್ತೆ, ಕವರಿನ ಹಾಗೆ ಮುಚ್ಚಳ ಇರತ್ತೆ, ಒಳಗೆ ಇನ್ನೊಂದು ಪುಟ್ಟ ಕಾರ್ಡಿಡೋಕೆ ಅಂತ ಮಾಡಿದ್ದು. ಮಾರೋರು ಎಷ್ಟೋ ಸಲ ಅದನ್ನ ತೆಗೆದೇ ನೋಡಿರಲ್ಲ.